ಹಾಳು ಗುಡಿ, ಹಳೇ ಕೋಟೆ, ಪಕ್ಕದಲ್ಲೊಂದು ಹಳ್ಳಿಮನೆ

ಶನಿವಾರ ನಡುರಾತ್ರಿ ಕಳೆದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಓಡುವ ಕಾರು, ಬೈಕುಗಳಲ್ಲಿ ಬಹುಪಾಲು ನಂದಿಬೆಟ್ಟದ ಸೂರ್ಯೋದಯಕ್ಕೆ ಹೊರಟವು. ದಾರಿಯಲ್ಲಿ ದೇವನಹಳ್ಳಿ ಕೋಟೆ ಸಿಗುತ್ತದೆ, ಆ ಕತ್ತಲಲ್ಲಿ ಯಾರೂ ನಿಲ್ಲಿಸುವುದಿಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ವಾಪಸು ಬರುವಾಗ ಕಣ್ಣಲ್ಲಿ ನಿದ್ದೆ, ಹೊಟ್ಟೆಯಲ್ಲಿ ಹಸಿವು. ಆಗ ಕಣ್ಣಿಗೆ ಬೀಳುವುದು ಹೋಟೆಲ್ಲಿನ ಬೋರ್ಡು ಮಾತ್ರ. ಹೀಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೆಂಗಳೂರಿಗರ ಪಾಲಿಗೆ ಎಲ್ಲಿಗೋ ಹೋಗುವ ದಾರಿಯಾಗಿಯೇ ಉಳಿದಿದೆ.

ಆದರೆ ಈ ನಾಲ್ಕು ತಾಲ್ಲೂಕುಗಳ ಹೊಲಗದ್ದೆಗಳ ನಡುವೆ ಸಾವಿರದ ಇನ್ನೂರು ವರ್ಷಗಳ ಕಲ್ಲು ಬಿದ್ದಿದೆ. ಗಂಗರ ರಾಜನಿವಾಸ, ಬೌದ್ಧರ ಚೈತ್ಯ, ಚೋಳರ ಗುಡಿ, ಪಾಳೇಗಾರರ ಕೋಟೆ ಎಲ್ಲವೂ ಇಲ್ಲಿವೆ. ಹಂಪಿ, ಹಳೇಬೀಡಿನಂತೆ ಇಲ್ಲಿ ಗೈಡು ಓಡಿಬರುವುದಿಲ್ಲ, ಫಲಕ ಹುಡುಕಿದರೂ ಸಿಗುವುದು ಅಪರೂಪ. ಕಾರಿನಿಂದ ಇಳಿದು ಹತ್ತು ನಿಮಿಷ ನೋಡಿ ಹೊರಟವರಿಗೆ ನಾಲ್ಕು ಕಲ್ಲು ಕಂಡೀತು, ಅಷ್ಟೆ. ಈ ಜಿಲ್ಲೆಯ ಹಳೆಯದನ್ನು ನೋಡಬೇಕಾದರೆ ಒಂದು ರಾತ್ರಿಯಾದರೂ ಊರವರ ಮನೆಯಲ್ಲಿ ಉಳಿಯಬೇಕು. ಅಂಥ ಮನೆಯನ್ನು ಆರಿಸುವುದು ಹೇಗೆ, ಏನು ಕೇಳಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬ ಮಾಹಿತಿ ಇಲ್ಲಿದೆ.

ರಾತ್ರಿ ಉಳಿಯುವುದರಿಂದ ಆಗುವ ಲಾಭ

ಮೊದಲ ಕಾರಣ ಬೆಳಕು. ಸವೆದ ಶಾಸನವನ್ನು ನಡುಹಗಲಲ್ಲಿ ನೋಡಿದರೆ ಬರೀ ಬಂಡೆ. ಅದೇ ಕಲ್ಲಿಗೆ ಬೆಳಗಿನ ಏಳು ಗಂಟೆಯ ಅಥವಾ ಸಂಜೆ ಐದೂವರೆಯ ಓರೆ ಬಿಸಿಲು ಬಿದ್ದಾಗ ಅಕ್ಷರದ ಗುಂಡಿಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಕಾಣುತ್ತವೆ. ವೀರಗಲ್ಲಿನ ಕತ್ತಿ, ಕುದುರೆ, ಅಪ್ಸರೆಯರೂ ಹೀಗೆಯೇ. ನಗರದಿಂದ ಹೊರಟು ತಿಂಡಿ ಮುಗಿಸಿ ತಲುಪುವವರಿಗೆ ಈ ಎರಡು ಹೊತ್ತೂ ತಪ್ಪಿಹೋಗುತ್ತವೆ. ಮೋಡ ಮುಚ್ಚಿದ ದಿನ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿದರೂ ಕೆಲಸ ನಡೆಯುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಎಣ್ಣೆ ಹಚ್ಚುವುದು, ತಂತಿಬ್ರಷ್ಷಿನಿಂದ ತಿಕ್ಕುವುದು ಬೇಡವೇ ಬೇಡ.

ಎರಡನೆಯದು ಮನೆಯವರು. ಯಾವ ಹೊಲದ ಬದುವಿನಲ್ಲಿ ಮಾಸ್ತಿಗಲ್ಲಿದೆ, ಯಾವ ಗುಡಿಯ ಬೀಗದ ಕೈ ಯಾರ ಮನೆಯಲ್ಲಿದೆ, ಅರ್ಚಕರು ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಮೊಬೈಲಿನ ನಕ್ಷೆಗೆ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮನೆಯ ಅಜ್ಜಿ ಅದನ್ನೆಲ್ಲ ಕೇಳದೆಯೇ ಹೇಳುತ್ತಾರೆ. ಅವರ ಕಥೆಯಲ್ಲಿ ಗಂಗ, ಚೋಳ, ಕೆಂಪೇಗೌಡ ಎಲ್ಲರೂ ಬೆರೆತು ಒಬ್ಬನೇ ರಾಜನಾಗಿರಬಹುದು. ಆದರೆ ಕಲ್ಲಿರುವ ಜಾಗದ ವಿಷಯದಲ್ಲಿ ಅಜ್ಜಿ ತಪ್ಪು ಹೇಳುವುದು ಕಡಿಮೆ.

ಎಲ್ಲಿ ಉಳಿದರೆ ಏನು ನೋಡಬಹುದು

ನೆಲಮಂಗಲ ತಾಲ್ಲೂಕು ತ್ಯಾಮಗೊಂಡ್ಲು ಹೋಬಳಿಯ ಮಣ್ಣೆಯಿಂದಲೇ ಶುರು ಮಾಡುವುದು ನ್ಯಾಯ. ಇಂದು ನೋಡಿದರೆ ಇದು ರಾಗಿ ಬೆಳೆಯುವ ಸಾಧಾರಣ ಹಳ್ಳಿ. ಎಂಟನೆಯ ಶತಮಾನದಲ್ಲಿ ಇದೇ ಮಾನ್ಯಪುರ; ತಲಕಾಡಿನ ಗಂಗರ ದೊರೆ ಶ್ರೀಪುರುಷ ರಾಜನಿವಾಸ ಮಾಡಿಕೊಂಡಿದ್ದ ಪಟ್ಟಣ. ಇಲ್ಲಿ ಸಿಕ್ಕ 797ರ ತಾಮ್ರಶಾಸನ, ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯ ಈ ಊರಿನಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಹೇಳುತ್ತದೆ. ಐದು ವರ್ಷಗಳ ಅನಂತರದ, 802ರ ಇನ್ನೊಂದು ಶಾಸನದ ಹೊತ್ತಿಗೆ ಗಂಗವಾಡಿ ರಾಷ್ಟ್ರಕೂಟರ ಕೈಗೆ ಹೋಗಿತ್ತು. ಐದೇ ವರ್ಷದಲ್ಲಿ ಯಜಮಾನರು ಬದಲಾದ ಸುದ್ದಿ ಒಂದೇ ಊರಿನ ಎರಡು ತಾಮ್ರಶಾಸನಗಳಲ್ಲಿ ಉಳಿದುಬಂದಿದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಇವು ನೆಲಮಂಗಲ 60 ಮತ್ತು 61ನೇ ಸಂಖ್ಯೆಯ ಶಾಸನಗಳು.

ಮಣ್ಣೆಯಲ್ಲಿ ಈಗ ಉಳಿದಿರುವುದು ಕಪಿಲೇಶ್ವರ ಗುಡಿ, ಅಲ್ಲಲ್ಲಿ ಇನ್ನಷ್ಟು ಪಾಳು ಕಟ್ಟಡ, ಚದುರಿದ ಶಿಲ್ಪ. ಗುಡಿಯ ಬಾಗಿಲವಾಡದ ಕೆತ್ತನೆಯ ಮುಂದೆ ಅವಸರವಿಲ್ಲದೆ ನಿಲ್ಲಬೇಕು. ಹೊಯ್ಸಳರ ಕುಸುರಿ ನೋಡಿ ಅಭ್ಯಾಸವಾದ ಕಣ್ಣಿಗೆ ಗಂಗರ ಕೆಲಸ ಮೊದಲು ಬೋಳೆನಿಸುತ್ತದೆ. ಎರಡನೇ ಸಲ ನೋಡಿದಾಗ ಅದರ ಮೈಕಟ್ಟು ತಿಳಿಯತೊಡಗುತ್ತದೆ. ಆ ಎರಡನೇ ಸಲಕ್ಕಾಗಿಯೇ ಹತ್ತಿರದಲ್ಲಿ ಉಳಿಯುವುದು. ಮಣ್ಣೆ ಊರೊಳಗೆ ವಸತಿಗೆ ಹೆಚ್ಚು ಆಯ್ಕೆ ಇರುವುದಿಲ್ಲ. ತ್ಯಾಮಗೊಂಡ್ಲು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ರಸ್ತೆಯ ಕಡೆಯ ತೋಟದ ಮನೆಗಳನ್ನು ವಿಚಾರಿಸುವುದು ಜಾಣತನ.

ಅಲ್ಲೇ ಉಳಿದವರಿಗೆ ಶಿವಗಂಗೆಯೂ ಹತ್ತಿರ. ಗುಹೆಯೊಳಗಿನ ಗಂಗಾಧರೇಶ್ವರ, ಹೊನ್ನಾದೇವಿ, ಒಳಕಲ್ಲು ತೀರ್ಥ, ನೆತ್ತಿಯ ಮೇಲಿನ ನಂದಿ ಇವೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ಬೆಟ್ಟದ ಮೇಲೆ ಶಾಂತಲೆ ಧುಮುಕಿದ ಜಾಗವೆಂದು ಒಂದು ಕಡಿದಾದ ಅಂಚನ್ನು ತೋರಿಸುತ್ತಾರೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಧುಮುಕಿದ ಕಥೆ ಮಾತ್ರ ಜನರ ಬಾಯಲ್ಲಿ ಬೆಳೆದದ್ದು. ಆಕೆ ಜೈನ ಧರ್ಮನಿಷ್ಠೆಯವಳಾದ್ದರಿಂದ ಸಲ್ಲೇಖನ ಕೈಗೊಂಡಿರಬೇಕೆಂಬ ವಾದವೂ ಇದೆ. ಹತ್ತುವವರು ಬೆಳಿಗ್ಗೆ ಆರೂವರೆಗೇ ಶುರು ಮಾಡಿದರೆ ಬಂಡೆ ಕಾಯುವ ಮುಂಚೆ ಇಳಿಯಬಹುದು. ತಿಂಡಿಯ ಪೊಟ್ಟಣ ಕೈಯಲ್ಲಿದ್ದರೆ ಕೋತಿಗಳು ಕಸಿಯುತ್ತವೆ, ಚೀಲದೊಳಗಿರಲಿ.

ದೇವನಹಳ್ಳಿಯ ಕೋಟೆಯ ಗುಣವೇ ಬೇರೆ. ಅದು ಹಾಳಾಗಿದೆ, ಹಾಗೆಯೇ ಜನರೂ ಅದರೊಳಗಿದ್ದಾರೆ. ಆವತಿ ನಾಡಪ್ರಭು ಮಲ್ಲಬೈರೇಗೌಡ 1501ರಲ್ಲಿ, ಆಗ ದೇವನದೊಡ್ಡಿ ಎನಿಸಿದ್ದ ಈ ಊರಿನಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ಸೈನ್ಯ ಅದನ್ನು ಗೆದ್ದುಕೊಂಡಿತು. ಆ ಮುತ್ತಿಗೆಯಲ್ಲಿ ಹೆಸರು ಮಾಡಿದ ಸಿಪಾಯಿಯೇ ಮುಂದೆ ಹೈದರಾಲಿ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಕೋಟೆ ಕಲ್ಲಿನದಾಯಿತು, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೋತಿತು. ಸುಮಾರು 20 ಎಕರೆಯ, ಮೊಟ್ಟೆಯಾಕಾರದ ಈ ಆವರಣದಲ್ಲಿ ಅರ್ಧಚಂದ್ರಾಕಾರದ ಬುರುಜುಗಳಿವೆ. ಒಳಗೆ ಬೀದಿ, ಮನೆ, ಗುಡಿ, ಮಗ್ಗಲಲ್ಲೇ ಒಣಹಾಕಿದ ಬಟ್ಟೆ. ವೇಣುಗೋಪಾಲಸ್ವಾಮಿ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಹಾಗೂ ಕೃಷ್ಣನ ಬಾಲಲೀಲೆಯ ಉಬ್ಬುಶಿಲ್ಪಗಳಿವೆ; ಮಕ್ಕಳನ್ನು ಕರೆದೊಯ್ದವರು ಅಲ್ಲೇ ಒಂದು ಗಂಟೆ ಕಳೆಯಬಹುದು. ಟಿಪ್ಪುವಿನ ಜನ್ಮಸ್ಥಳವೆನ್ನುವ ಕಂಬಗಳ ಪುಟ್ಟ ಮಂಟಪ ಕೋಟೆಯ ಹೊರಗಿದೆ.

ಕೋಟೆಗೋಡೆಯ ಮೇಲೆ ಒಂದು ಸುತ್ತು ಬರಲು ಬೆಳಗಿನ ಹೊತ್ತೇ ಸರಿ. ಕೆಲವೆಡೆ ಹಿಡಿಯಲು ಕಂಬಿ ಇಲ್ಲ, ಕಲ್ಲು ಸಡಿಲ. ಮಕ್ಕಳ ಕೈ ಬಿಡಬಾರದು. ಗೋಡೆಯ ಮೇಲಿಂದ ನೋಡಿದರೆ ಕೆಳಗೆ ಯಾರದೋ ಹಿತ್ತಿಲು, ಬಚ್ಚಲುಮನೆ ಕಾಣುತ್ತದೆ. ಕ್ಯಾಮೆರಾ ಎತ್ತುವ ಮುನ್ನ ಎದುರಿಗಿರುವುದು ಜನರ ಮನೆ ಎಂಬುದು ನೆನಪಿರಬೇಕು. ದೇವನಹಳ್ಳಿಯಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಹೆದ್ದಾರಿಯ ಮಗ್ಗುಲಲ್ಲೇ ಆವತಿ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರು ಕಂಚಿಯ ಕಡೆಯಿಂದ ಬಂದು ಮೊದಲು ನೆಲೆ ನಿಂತದ್ದು ಇಲ್ಲೇ ಎಂಬ ಐತಿಹ್ಯವಿದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ನೋಡಲು ಏನೂ ಇಲ್ಲ! ಆದರೂ ಹೋಗಬೇಕು ಎನ್ನುವುದಕ್ಕೆ ಕಾರಣವಿದೆ. ಎರಡು ದಶಕಗಳ ಹಿಂದೆ ನಡೆದ ಉತ್ಖನನದಲ್ಲಿ ಇಲ್ಲಿನ ದಿಬ್ಬದಡಿ ಇಟ್ಟಿಗೆಯ ಬೌದ್ಧ ಚೈತ್ಯ, ವಿಹಾರಗಳ ಅಡಿಪಾಯ ಸಿಕ್ಕಿತು. ಜೊತೆಗೆ ಭಕ್ತರು ಹರಕೆಗೆ ಒಪ್ಪಿಸಿದ ಮಣ್ಣಿನ ಪುಟ್ಟ ಸ್ತೂಪಗಳು ಸಿಕ್ಕವು. ಅವುಗಳ ಒಡಲಲ್ಲಿ ಬೌದ್ಧ ಸೂತ್ರ ಒತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಸನ್ನತಿ, ಬನವಾಸಿಯ ಬೌದ್ಧ ನೆಲೆಗಳನ್ನು ಕೇಳಿಬಲ್ಲವರಿಗೂ ಬೆಂಗಳೂರಿನ ಮಗ್ಗುಲಲ್ಲಿ ಇಂಥದ್ದೊಂದು ಇತ್ತೆಂಬುದು ಹೊಸ ಸುದ್ದಿ. ಗೋಡೆ ಗೋಪುರ ಹುಡುಕಿಕೊಂಡು ಹೋದರೆ ನಿರಾಸೆಯಾಗುತ್ತದೆ, ಓದಿಕೊಂಡು ಹೋದರೆ ಹೊಲವೇ ಮಾತಾಡುತ್ತದೆ. ಅದೇ ತಾಲ್ಲೂಕಿನ ಮಾಕಳಿದುರ್ಗದಲ್ಲಿ ಬೆಟ್ಟದ ನೆತ್ತಿಯ ಕೋಟೆ, ಶಿವನ ಗುಡಿ ಇವೆ. ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ಮುಂಚಿತವಾಗಿ ಟಿಕೆಟ್ ಪಡೆದಿರಬೇಕು. ಬೆಟ್ಟದ ಬುಡಕ್ಕೆ ಹೋಗಿ ವಿಚಾರಿಸುವವರು ವಾಪಸು ಬರಬೇಕಾದೀತು.

ಹೊಸಕೋಟೆಯಲ್ಲಿ ವಿಜಯನಗರ ಕಾಲದ ಅವಿಮುಕ್ತೇಶ್ವರ ಗುಡಿ, ವಿಶಾಲವಾದ ಕೆರೆ ಇವೆ. ಉಳಿದುಕೊಳ್ಳುವಷ್ಟು ಕಾರಣ ಇಲ್ಲಿ ಸಿಗುವುದಿಲ್ಲ. ಭಾನುವಾರ ನಸುಕಿನ ಬಿರಿಯಾನಿಗೆ ಸಾಲು ನಿಲ್ಲುವವರು ಹೀಗೆ ಹೇಳಿದರೆ ಒಪ್ಪಲಾರರು, ಆ ಮಾತು ಬೇರೆ.

ಜಿಲ್ಲೆಯ ಗಡಿ ದಾಟಿ ಚಿಕ್ಕಬಳ್ಳಾಪುರದ ನಂದಿ ಗ್ರಾಮಕ್ಕೆ ಹೋದರೆ ಭೋಗನಂದೀಶ್ವರ. ಒಂಬತ್ತನೆಯ ಶತಮಾನದ ಆರಂಭದಿಂದ ಶಾಸನಗಳಿರುವ ಈ ಗುಡಿಯನ್ನು ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಬೆಳೆಸಿದರು. ದೇವನಹಳ್ಳಿ ಅಥವಾ ದೊಡ್ಡಬಳ್ಳಾಪುರದ ಪೂರ್ವಭಾಗದಲ್ಲಿ ಉಳಿದವರಿಗೆ ಇದು ಬೆಳಗಿನ ಸವಾರಿಯಷ್ಟು ದೂರ. ಪ್ರವಾಸಿ ಬಸ್ಸುಗಳು ಬರುವ ಮುಂಚೆ ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಜಾಗ ಸಿಗುತ್ತದೆ.

ಹೊರಡುವ ಮುಂಚೆ ಮಾಡಬೇಕಾದ ಮನೆಪಾಠ ಒಂದೇ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಆ ಯೋಜನೆಯ ಚಿತ್ರಗಳು, ಜಾಗದ ಗುರುತುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಉಳಿಯುವ ಮನೆಯ ಸುತ್ತ ಐದು ಕಿಲೋಮೀಟರಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಮನೆ ಆರಿಸುವಾಗ

ಈ ಭಾಗದಲ್ಲಿ ‘ಹೋಂಸ್ಟೇ’ ಬೋರ್ಡಿನಡಿ ಸಿಗುವುದು ಮೂರು ಬಗೆ. ಮೊದಲನೆಯದು, ಕುಟುಂಬ ತಾನಿರುವ ಮನೆಯಲ್ಲೇ ಎರಡು-ಮೂರು ಕೋಣೆ ಬಿಟ್ಟುಕೊಡುವುದು. ಹೆಂಚಿನ ಹಳೇ ತೊಟ್ಟಿಮನೆಯೂ ಇರಬಹುದು, ತಾರಸಿ ಮನೆಯೂ ಇರಬಹುದು. ಎರಡನೆಯದು, ನಗರದ ಉದ್ಯೋಗಸ್ಥರು ಕೊಂಡ ತೋಟದ ಮನೆ. ಮಾಲೀಕರು ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ತೋಟದ ಆಳು, ಅಡುಗೆಯವರೇ ಎಲ್ಲ. ಮೂರನೆಯದು ಈಜುಕೊಳ, ಡಿಜೆ, ಹುಲ್ಲುಹಾಸಿನ ಪಾರ್ಟಿ ತಾಣ. ಅದಕ್ಕೆ ಹೋಂಸ್ಟೇ ಎಂಬ ಹೆಸರು ಯಾಕೆ ಬಂತೋ! ಹಾಳು ಗುಡಿ ನೋಡಲು ಹೊರಟವರಿಗೆ ಮೊದಲನೆಯದೇ ಮೇಲು, ಎರಡನೆಯದು ಪರವಾಗಿಲ್ಲ.

ಫೋಟೊ ನೋಡಿ ಇವನ್ನು ಬೇರೆ ಮಾಡುವುದು ಕಷ್ಟ, ಫೋನಿನಲ್ಲಿ ಸುಲಭ. “ಅಕ್ಕಾ, ಮನೇಲಿ ನೀವೂ ಇರ್ತೀರಾ?” ಎಂಬ ಒಂದು ಪ್ರಶ್ನೆ ಸಾಕು. “ಇರ್ತೀವಿ ಬನ್ನಿ, ರಾತ್ರಿಗೆ ಮುದ್ದೆ ಮಾಡೋಣ್ವಾ, ಅನ್ನನೇ ಸಾಕಾ?” ಎಂದು ಮರುಪ್ರಶ್ನೆ ಬಂದರೆ ಅದು ಮೊದಲನೇ ಬಗೆಯ ಮನೆ. “ಕೇರ್‌ಟೇಕರ್ ನಂಬರ್ ಕಳಿಸ್ತೀನಿ ಸರ್” ಎಂದರೆ ಎರಡನೆಯದು.

ನಿಯಮವೂ ಇದನ್ನೇ ಹೇಳುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಡಿ ಮನೆಯ ಮಾಲೀಕರು ಅಲ್ಲೇ ವಾಸವಿರಬೇಕು. ಅತಿಥಿಗಳಿಗೆ ಒಂದರಿಂದ ಆರು ಕೋಣೆಗಳವರೆಗೆ, ಅಂದರೆ ಹೆಚ್ಚೆಂದರೆ 12 ಹಾಸಿಗೆ ಕೊಡಬಹುದು. ಸೌಲಭ್ಯ ನೋಡಿ ಗೋಲ್ಡ್, ಸಿಲ್ವರ್ ಎಂಬ ದರ್ಜೆ ಸಿಗುತ್ತದೆ. ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಹೋಂಸ್ಟೇಗಳನ್ನು ನೋಂದಾಯಿಸಿಕೊಳ್ಳುತ್ತದೆ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ, ಸರಿಯಿರುವವರು ಗೋಡೆಗೇ ತೂಗುಹಾಕಿರುತ್ತಾರೆ.

ಇನ್ನಷ್ಟು ಕೇಳಬೇಕಾದವು: ಶೌಚಾಲಯ ಕೋಣೆಗೆ ಹೊಂದಿಕೊಂಡಿದೆಯೋ ಹಿತ್ತಿಲಲ್ಲೋ, ಮೊಣಕಾಲು ನೋವಿನ ಹಿರಿಯರಿಗೆ ಕಮೋಡ್ ಇದೆಯೋ, ಕರೆಂಟು ಹೋದರೆ ಯುಪಿಎಸ್ ಇದೆಯೋ, ಬಿಸಿನೀರು ಸೋಲಾರಿನದೋ ಹಂಡೆಯದೋ. ಹಂಡೆಯಾದರೆ ಒಲೆ ಹಚ್ಚಲು ಹಿಂದಿನ ರಾತ್ರಿಯೇ ಹೊತ್ತು ಹೇಳಿರಬೇಕು. ಬಾಡಿಗೆ ಕಾರಿನಲ್ಲಿ ಹೋಗುವವರು ಡ್ರೈವರ್ ಎಲ್ಲಿ ಮಲಗುತ್ತಾರೆ, ಅವರ ಊಟವೆಲ್ಲಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ರಾತ್ರಿಯೆಲ್ಲ ಕಾರಿನ ಸೀಟಿನಲ್ಲಿ ಮುದುಡಿದವರು ಮರುದಿನ ಹೆದ್ದಾರಿಯಲ್ಲಿ ತೂಕಡಿಸಿದರೆ ಅದಕ್ಕೆ ಅವರನ್ನು ದೂರುವಂತಿಲ್ಲ.

ದೇವನಹಳ್ಳಿ ಕಡೆ ಮನೆ ಹುಡುಕುವವರಿಗೆ ಒಂದು ವಿಶೇಷ ಸೂಚನೆ. ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು, 2019ರ ಕೊನೆಯಲ್ಲಿ ಎರಡನೇ ರನ್‌ವೇ ಬಂತು. ರಾತ್ರಿ-ಹಗಲಿನ ವ್ಯತ್ಯಾಸವಿಲ್ಲದೆ ವಿಮಾನ ಏರಿಳಿಯುತ್ತವೆ. ‘ಪ್ರಶಾಂತ ಹಳ್ಳಿ ವಾತಾವರಣ’ ಎಂಬ ಜಾಹೀರಾತು ನಂಬುವ ಮುನ್ನ ನಕ್ಷೆಯಲ್ಲಿ ರನ್‌ವೇಗಳು ಯಾವ ದಿಕ್ಕಿಗೆ ಚಾಚಿವೆ ಎಂದು ನೋಡಿ, ಆ ಗೆರೆಯಲ್ಲಿರುವ ಊರುಗಳನ್ನು ಬಿಡಬೇಕು. ಕಲ್ಲು ಕ್ರಷರ್ ಹತ್ತಿರವಿದೆಯೇ ಎಂದೂ ಕೇಳಬೇಕು.

ಖಾಸಗಿ ಮನೆ ಬೇಡವೆನ್ನುವವರಿಗೆ ಸರ್ಕಾರಿ ವ್ಯವಸ್ಥೆಯೂ ಇದೆ. ನಂದಿಬೆಟ್ಟದ ಮೇಲೆ ಸರ್ಕಾರಿ ಅತಿಥಿಗೃಹಗಳಿವೆ. ಅವುಗಳಲ್ಲಿ ಗಾಂಧಿ ನಿಲಯ ಮಹಾತ್ಮ ಗಾಂಧಿಯವರು 1936ರಲ್ಲಿ ವಿಶ್ರಾಂತಿಗೆ ಬಂದಿದ್ದ ನೆನಪಿನದು. ಘಾಟಿ ಸುಬ್ರಹ್ಮಣ್ಯದಲ್ಲಿ ಯಾತ್ರಿಕರಿಗೆ ಕೋಣೆಗಳು ಸಿಗುತ್ತವೆ. ತಾಲ್ಲೂಕು ಕೇಂದ್ರಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಿವೆ, ಆದರೆ ಅಧಿಕಾರಿಗಳು ಬಂದರೆ ಮೊದಲ ಆದ್ಯತೆ ಅವರಿಗೆ.

ಕೋಟೆಗೆ ಅಂಟಿಕೊಂಡ ಕಾಟೇಜು ಬೇಡ

‘ಸ್ಮಾರಕದಿಂದ ಇಪ್ಪತ್ತೇ ಹೆಜ್ಜೆ’ ಎಂಬ ಜಾಹೀರಾತು ಕಂಡರೆ ಹಿಗ್ಗುವುದಕ್ಕಿಂತ ಅನುಮಾನಪಡುವುದು ಒಳ್ಳೆಯದು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕೇಂದ್ರ ಪುರಾತತ್ವ ಸರ್ವೇಕ್ಷಣೆ ಸಂರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ದೇವನಹಳ್ಳಿ ಕೋಟೆ ಈ ಪಟ್ಟಿಯಲ್ಲಿದೆ. ತಲೆಮಾರುಗಳಿಂದ ಇರುವ ಹಳೇ ಮನೆಯಲ್ಲಿ ಉಳಿಯುವುದು ಬೇರೆ, ನಿನ್ನೆ ಮೊನ್ನೆ ಎದ್ದ ಕಾಂಕ್ರೀಟ್ ಕಾಟೇಜು ಬೇರೆ.

ಕಾನೂನು ಕಾಗದದಲ್ಲೇ ಉಳಿಯುತ್ತದೆ ಎಂದುಕೊಂಡವರು ಹಂಪಿ ಕಡೆ ನೋಡಬೇಕು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಬಿಡಾರ ಹೂಡಿದ್ದವರನ್ನು 2011ರಲ್ಲಿ ಎಬ್ಬಿಸಲಾಯಿತು. ಹೊಳೆಯಾಚೆ ವಿರೂಪಾಪುರಗಡ್ಡೆಯಲ್ಲಿ ವಿದೇಶಿಯರಿಂದ ತುಂಬಿರುತ್ತಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಬೆನ್ನಲ್ಲೇ 2020ರ ಮಾರ್ಚಿನಲ್ಲಿ ನೆಲಸಮ ಮಾಡಲಾಯಿತು. ಅದೇ ಹೊಳೆಯ ದಂಡೆಯ ಆನೆಗೊಂದಿಯಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. 1990ರ ದಶಕದಿಂದ ಅಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂದಾ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆನಾರಿನ ಕರಕುಶಲ ಕಲಿಸಿತು, ಹಳೇ ಮನೆಗಳನ್ನು ರಿಪೇರಿ ಮಾಡಿಸಿ ಅತಿಥಿಗೃಹ ಮಾಡಿತು. ಊರಿನ ಅಚ್ಚಿನಲ್ಲೇ ಕಟ್ಟಿದ ಊರಮ್ಮ ಕಾಟೇಜುಗಳು ಬಂದವರಿಗೆ ಹಳ್ಳಿಯ ರುಚಿ ಹತ್ತಿಸಿದವು. ಬೆಂಗಳೂರು ಗ್ರಾಮಾಂತರದಲ್ಲಿ ಇಂಥ ಪ್ರಯತ್ನಕ್ಕೆ ಮಣ್ಣೆಗಿಂತ ತಕ್ಕ ಊರಿಲ್ಲ. ಹಿಪ್ಪುನೇರಳೆ, ದ್ರಾಕ್ಷಿ ತೋಟದ ಜಾಗದಲ್ಲಿ ಬಡಾವಣೆ ಏಳುವ ವೇಗ ನೋಡಿದರೆ ಅದಕ್ಕೆ ಹೆಚ್ಚು ಕಾಲಾವಕಾಶವೂ ಇದ್ದಂತಿಲ್ಲ.

ಜಮೀನಿನ ಮಾತು ಈ ಸೀಮೆಯ ಯಾವ ಜಗಲಿಯಲ್ಲೂ ತಪ್ಪುವುದಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾವ ಕೈಬಿಡುವುದಾಗಿ ಘೋಷಿಸಿತು. ಅತಿಥಿಯಾಗಿ ಹೋದವರು ಇದನ್ನೆಲ್ಲ ಕೇಳಿಸಿಕೊಳ್ಳಬಹುದು. “ಇಲ್ಲಿ ಎಕರೆಗೆ ಎಷ್ಟು ನಡೀತಿದೆ?” ಎಂದು ತಾವೇ ಶುರು ಮಾಡಿದರೆ ಮಾತ್ರ ಮನೆಯವರ ಕಣ್ಣಿಗೆ ಅತಿಥಿ ಹೋಗಿ ಗಿರಾಕಿ ಕಾಣಿಸತೊಡಗುತ್ತಾನೆ.

ಊಟ, ನೀರು

ಊಟದ ವಿಷಯದಲ್ಲಿ ಪನೀರ್, ಗೋಬಿಗೆ ಆಸೆಪಡದಿದ್ದರೆ ಲಾಭ ಅತಿಥಿಗೇ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಸೊಗಡಿನ ಅವರೆಕಾಯಿ. ಹಿತಕಿದ ಬೇಳೆ ಸಾರು, ಮುದ್ದೆಗೆ ಆ ಕಾಲದಲ್ಲಿ ಬೇರೆ ಯಾವುದೂ ಸಮವಲ್ಲ. ಉಳಿದ ದಿನಗಳಲ್ಲಿ ಬಸ್ಸಾರು, ಉಪ್ಪೆಸರು, ಮಸ್ಸೊಪ್ಪು. ನಾಟಿಕೋಳಿ ಸಾರು ಬೇಕಿದ್ದರೆ ಬೆಳಿಗ್ಗೆಯೇ ಹೇಳಬೇಕು, ಕೋಳಿ ಹಿಡಿಯುವುದರಿಂದ ಶುರುವಾಗುವ ಅಡುಗೆ ಅದು. ಶನಿವಾರ, ಸೋಮವಾರ ಮಾಂಸ ಮಾಡದ ಮನೆಗಳಿವೆ, ಮಾಂಸದಡುಗೆಗೆ ಒಲೆಯನ್ನೇ ಬೇರೆ ಇಟ್ಟವರಿದ್ದಾರೆ. ಕೇಳಿಯೇ ಮುಂದುವರಿಯುವುದು ಮರ್ಯಾದೆ. ಬೇಸಿಗೆಯ ಕೊನೆಗೆ ದೊಡ್ಡಬಳ್ಳಾಪುರದ ತೂಬಗೆರೆಯ ಹಲಸು ಬರುತ್ತದೆ. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ ಎರಡೂ ಇಲ್ಲಿನವೇ. ಚಕ್ಕೋತದ ಮರಗಳು ಈಗ ಎಣಿಕೆಗೆ ಸಿಗುವಷ್ಟಾಗಿವೆ. ಮನೆಯ ಹಿತ್ತಿಲಲ್ಲಿ ಒಂದಿದ್ದರೆ, ಹಣ್ಣಾಗುವ ಕಾಲ ಕೇಳಿಕೊಂಡೇ ಬುಕ್ ಮಾಡುವವರಿದ್ದಾರೆ.

ನೀರನ್ನು ಹಿತಮಿತವಾಗಿ ಬಳಸಬೇಕು. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿದರೂ ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಿವೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನೇ ಗತಿ, ಕೊಳವೆ ಬಾವಿಯ ನೀರನ್ನು ನೇರವಾಗಿ ಕುಡಿಯುವುದು ಬೇಡ. ತುಂಬಿದ ಕೆರೆ ಕಂಡು ಈಜಲು ಇಳಿಯುವುದೂ ಬೇಡ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಭಾಗದ ಹಲವು ಕೆರೆಗಳಿಗೆ ಬರುತ್ತದೆ. ಅಂತರ್ಜಲಕ್ಕೆ ಅದು ಆದೀತು, ಸ್ನಾನಕ್ಕಾಗದು.

ಕತ್ತಲಾದ ಮೇಲೆ

ಬೆಳದಿಂಗಳಲ್ಲಿ ಪಾಳುಗುಡಿ ನೋಡುವ ಆಸೆ ಯಾರಿಗಾದರೂ ಬರುತ್ತದೆ, ಅದನ್ನು ಕೈಬಿಡುವುದಕ್ಕೆ ಮೂರು ಕಾರಣಗಳಿವೆ. ನಿಧಿ ಆಸೆಗೆ ಗುಡಿ ಅಗೆಯುವವರ ಕಾಟ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಹನ್ನೊಂದು ಗಂಟೆ ರಾತ್ರಿ ಟಾರ್ಚು ಹಿಡಿದು ಗುಡಿ ಸುತ್ತುವ ಅಪರಿಚಿತರನ್ನು ಊರವರು ನಿಧಿಗಳ್ಳರೆಂದೇ ತಿಳಿಯುತ್ತಾರೆ, ಮಾತು ಆಮೇಲೆ. ಎರಡು, ಚಿರತೆ: 2024ರ ನವೆಂಬರಿನಲ್ಲಿ ಶಿವಗಂಗೆಯ ಸಮೀಪದ ಕಂಬಾಳು ಭಾಗದಲ್ಲಿ ಹುಲ್ಲು ತರಲು ಹೋದ ಮಹಿಳೆಯೊಬ್ಬರು ಚಿರತೆಗೆ ಬಲಿಯಾದರು. ಮೂರು, 2025ರ ಮಾರ್ಚಿನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ರಾತ್ರಿ ಹೊತ್ತು ಕಾಲುವೆ ದಂಡೆಗೆ ಹೋಗಿದ್ದ ಹೋಂಸ್ಟೇ ಅತಿಥಿಗಳು ಮತ್ತು ಆತಿಥೇಯರ ಮೇಲೆ ನಡೆದ ಭೀಕರ ದಾಳಿಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ನಕ್ಷತ್ರ ನೋಡಲು ಮನೆಯ ತಾರಸಿಯೇ ಸಾಕು.

ಡ್ರೋನ್ ಮನೆಯಲ್ಲೇ ಬಿಟ್ಟುಬರುವುದು ಲೇಸು. ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ದೇವನಹಳ್ಳಿ ಸುತ್ತ ವಿಮಾನ ನಿಲ್ದಾಣದ ನಿರ್ಬಂಧವೂ ಸೇರುತ್ತದೆ. ಹೊಲದಲ್ಲಿ ಹೆಂಚಿನ ಚೂರು, ಹಳೇ ನಾಣ್ಯ ಸಿಕ್ಕರೆ ಜೇಬಿಗೆ ಹಾಕದೆ ಮನೆಯವರಿಗೆ ತೋರಿಸಬೇಕು. ಅರಿಶಿನ ಕುಂಕುಮ ಹಚ್ಚಿದ ಕಲ್ಲು ಎಷ್ಟೇ ಹಳೆಯದಾದರೂ ಊರಿಗೆ ಅದು ದೇವರು. ಚಪ್ಪಲಿ ಬಿಟ್ಟು, ಕೇಳಿ ಹತ್ತಿರ ಹೋಗಬೇಕು.

ಹಣ, ಕಾಗದ

ಸ್ವಂತ ಮನೆಯಲ್ಲಿ ಎರಡು ಕೋಣೆ ಕೊಡುವ ಸಣ್ಣ ಕುಟುಂಬ ಸಾಮಾನ್ಯವಾಗಿ ಜಿಎಸ್‌ಟಿ ವ್ಯಾಪ್ತಿಗೆ ಬರುವಷ್ಟು ವಹಿವಾಟು ಮಾಡುವುದಿಲ್ಲ. ದೊಡ್ಡವರು ಹಾಕುವ ಬಿಲ್ಲಿನಲ್ಲಿ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೋಣೆಗೆ ಶೇ 5, ಅದಕ್ಕೂ ಮೇಲಿನದಕ್ಕೆ ಶೇ 18 ತೆರಿಗೆ. ಹಳೇ ದರ ಶೇ 12 ಎಂದು ಹಾಕಿದ್ದರೆ ಪ್ರಶ್ನಿಸಬಹುದು. ದರ ಕೋಣೆಗೋ ತಲೆಗೋ, ಊಟ ಸೇರಿದೆಯೋ ಇಲ್ಲವೋ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡರೆ ಹೊರಡುವಾಗ ಮುಖ ಕೆಡುವುದಿಲ್ಲ. ಯುಪಿಐ ಎಲ್ಲ ಕಡೆ ನಡೆಯುತ್ತದೆ, ಸಿಗ್ನಲ್ ಮಾತ್ರ ನಡೆಯದಿರಬಹುದು. ಸ್ವಲ್ಪ ನಗದು ಇರಲಿ. ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿ ಕೇಳುವುದು ಮನೆಯವರ ಹೊಣೆ, ಅದಕ್ಕೆ ಸಿಡುಕಬಾರದು. ಅಮೆರಿಕದಿಂದ ಬಂದ ಮಗಳು-ಅಳಿಯನ ಪಾಸ್‌ಪೋರ್ಟ್ ವಿದೇಶದ್ದಾದರೆ ಅವರ ವಿವರವನ್ನು ‘ಫಾರ್ಮ್ ಸಿ’ ಮೂಲಕ 24 ಗಂಟೆಯೊಳಗೆ ಸಲ್ಲಿಸಬೇಕಾಗುತ್ತದೆ. ಆ ವ್ಯವಸ್ಥೆ ಗೊತ್ತಿರುವ ಮನೆಯನ್ನೇ ಆರಿಸಬೇಕು.

ಹುಡುಕುವಾಗ ಊರಿನ ಅಥವಾ ಹೋಬಳಿಯ ಹೆಸರು ಹಾಕಿದರೆ ಫಲ ಹೆಚ್ಚು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿತು. ಆ ಹೆಸರು ಹಾಕಿ ಹುಡುಕಿದವರಿಗೆ ಹೆಬ್ಬಾಳದ ಲಾಡ್ಜುಗಳು ಸಿಕ್ಕರೆ ಅಚ್ಚರಿಯಿಲ್ಲ.

ಹೋಗುವ ಕಾಲ, ದಾರಿ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯ ರಾತ್ರಿಗೆ ಸ್ವೆಟರು ಬೇಕು. ಡಿಸೆಂಬರ್–ಜನವರಿಯಲ್ಲಿ ಬರುವ ಘಾಟಿಯ ದನಗಳ ಜಾತ್ರೆ, ಸಂಕ್ರಾಂತಿಯ ಶಿವಗಂಗೆ ಜಾತ್ರೆ ನೋಡಬೇಕೆನ್ನುವವರು ತಿಂಗಳ ಮುಂಚೆ ಕೋಣೆ ಹಿಡಿಯಬೇಕು. ಗುಡಿಯ ಶಿಲ್ಪ ನೋಡಬೇಕೆನ್ನುವವರು ಆ ದಿನಗಳನ್ನೇ ಬಿಡಬೇಕು. ವಾರದ ನಡುವೆ ರಜೆ ಹಾಕಿಕೊಂಡು ಹೋಗುವವರಿಗೆ ದರವೂ ಕಡಿಮೆ, ಅಜ್ಜಿಗೂ ಪುರಸೊತ್ತು.

ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ಬಸ್ಸು ಸಾಕಷ್ಟಿವೆ. ರೈಲಿನ ಆಸೆಯವರಿಗೆ ಯಲಹಂಕದಿಂದ ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗವಿದೆ. 1915ರಲ್ಲಿ ನ್ಯಾರೋಗೇಜ್ ಆಗಿ ಶುರುವಾದ ಈ ಹಳಿಯ ಪುಟ್ಟ ಕಲ್ಲಿನ ನಿಲ್ದಾಣಗಳೂ ನೋಡುವಂಥವೇ. ದೊಡ್ಡಬಳ್ಳಾಪುರ, ಮಾಕಳಿದುರ್ಗಕ್ಕೆ ಗೌರಿಬಿದನೂರು–ಹಿಂದೂಪುರ ಕಡೆಯ ರೈಲು. ಸಣ್ಣ ನಿಲ್ದಾಣಗಳಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ, ಇಳಿದ ಮೇಲೆ ಆಟೊ ಕಾಯುತ್ತಿರುವುದೂ ಇಲ್ಲ. ಮನೆಯವರಿಗೆ ಹೇಳಿ ಕರೆಸಿಕೊಳ್ಳಬೇಕು.

ಕಾರಿನವರಿಗೆ 2024ರ ಮಾರ್ಚಿನಲ್ಲಿ ಒಂದು ಅನುಕೂಲವಾಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆಗೆ ಸುಮಾರು 80 ಕಿಲೋಮೀಟರಿನ ಉಪನಗರ ವರ್ತುಲ ಹೆದ್ದಾರಿ ಸಂಚಾರಕ್ಕೆ ತೆರೆಯಿತು. ಮೊದಲ ದಿನ ಶಿವಗಂಗೆ, ಮಣ್ಣೆ; ಎರಡನೇ ದಿನ ರಾಜಘಟ್ಟ, ದೇವನಹಳ್ಳಿ ಕೋಟೆ ಎಂದು ಹಾಕಿಕೊಂಡರೆ ಬೆಂಗಳೂರಿನ ಟ್ರಾಫಿಕ್ಕಿಗೆ ಒಮ್ಮೆಯೂ ಸಿಗದೆ ತಿರುಗಾಡಬಹುದು. ಟೋಲ್ ಉಂಟು, ದಾರಿಯುದ್ದಕ್ಕೂ ಹೋಟೆಲುಗಳು ಕಡಿಮೆ. ಮನೆಯಿಂದ ಹೊರಡುವಾಗ ಬಾಟಲಿಗೆ ನೀರು ತುಂಬಿಸಿಕೊಳ್ಳಬೇಕು. ಭಾನುವಾರ ಸಂಜೆ ಸಾದಹಳ್ಳಿ ಟೋಲಿನಿಂದ ಹೆಬ್ಬಾಳದವರೆಗೆ ವಾಹನಗಳ ಸಾಲು ಬೆಳೆಯುವ ಮುಂಚೆ ಊರು ಸೇರಬೇಕೆಂದರೆ, ಮಧ್ಯಾಹ್ನದ ಊಟವಾದ ಕೂಡಲೇ ಹೊರಡಬೇಕು.